ಉಜ್ಜಿಹೋದ ಚಕ್ರವರ್ತಿ

ಆ ಮನೆಯ ಮಾತು ಬಂದರೆ ಸಾಕು, ಬೀದಿಯವರು ಮೊದಲು ಹೆಂಡತಿಯನ್ನೇ ಹಿಡಿದುಕೊಳ್ಳುತ್ತಿದ್ದರು. "ಗಂಡ ಮಣ್ಣಲ್ಲಿ ಹುಡುಕಿ ಹುಡುಕಿ ಒಬ್ಬ ಚಕ್ರವರ್ತೀನ ಹೊರಗೆ ತೆಗೆದ, ಈಯಮ್ಮ ಚಮಚ ಬೆಳಗೋ ಹಾಗೆ ಬೆಳಗಿಟ್ಟಳು" ಎಂದು ಎದುರು ಮನೆಯಾಕೆ ಶುರುಮಾಡಿದರೆ, "ಆದರೂ ಆ ಮನುಷ್ಯ ಒಂದೇ ಒಂದು ಗಟ್ಟಿ ಮಾತಾಡಲಿಲ್ಲವಂತೆ, ದೇವರಂಥವರು" ಎಂದು ಪಕ್ಕದ ಮನೆಯಾಕೆ ಮುಗಿಸುತ್ತಿದ್ದಳು. ಆ ದಿನ ಆ ದೇವರು ಆಡಿದ ಗಟ್ಟಿ ಮಾತುಗಳೆಲ್ಲ ಇದೇ ಪಕ್ಕದ ಮನೆಯ ಗೋಡೆ ತೂರಿ ಹೋಗಿದ್ದವು. ಆದರೆ ಹೆಂಡತಿ ದಡ್ಡಿಯಾದ ಕಥೆಯಲ್ಲಿ ಗಂಡ ದೇವರಾಗದೆ ವಿಧಿಯಿಲ್ಲವಲ್ಲ! ಹೀಗೆ ಆಕೆಗೆ ಉಜ್ಜಮ್ಮ ಎಂದು ಹೆಸರು ಬಿತ್ತು. ತರಕಾರಿಯವನೂ ಹಾಗೇ ಕರೆಯುತ್ತಿದ್ದ. ಆಕೆ ಸೊಪ್ಪು ಆರಿಸುತ್ತ, ಕೇಳಿಸದವಳ ಹಾಗೆ ಇರುತ್ತಿದ್ದಳು.

ಗಂಡನಿಗೂ ಒಂದು ಹೆಸರಿತ್ತು: ಬೇರೆಸಂಘ. ಅದು ಬಂದ ಬಗೆಯನ್ನು ಮೊದಲು ಹೇಳಿಬಿಡಬೇಕು.

ಆತನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ದಂತವೈದ್ಯರು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದರು. ಆತ ಮನೆಯ ಮುಂದಿನ ಕೋಣೆಯಲ್ಲಿ ಕೂತು, ಮೇಣದಲ್ಲಿ ವಸಡು ತೀಡಿ, ಅದರಲ್ಲಿ ಹಲ್ಲು ಕೂರಿಸಿ, ಆಮೇಲೆ ಮೇಣದ ಜಾಗಕ್ಕೆ ಗಟ್ಟಿ ಪ್ಲಾಸ್ಟಿಕ್ ಎರೆಯುತ್ತಿದ್ದ. ಕಿಟಕಿಯ ಕಟ್ಟೆಯ ಮೇಲೆ ಒಣಗಲು ಇಟ್ಟ ದವಡೆಗಳು ಹಗಲೆಲ್ಲ ಬೀದಿಗೆ ಹಲ್ಲು ಕಿರಿಯುತ್ತಿದ್ದವು. ಕೆಲಸದಲ್ಲಿ ಆತನನ್ನು ಮೀರಿಸುವವರಿರಲಿಲ್ಲ. ಬಾಯಲ್ಲಿ ಏನೂ ಇಲ್ಲದ ಮುದುಕನ ಅಚ್ಚು ನೋಡಿ, "ಇವನಿಗೆ ಹರೆಯದಲ್ಲಿ ಮೇಲಿನ ಎಡಹಲ್ಲು ಸ್ವಲ್ಪ ಮುಂದಿತ್ತು" ಎಂದು ಹೇಳಿ, ಹಾಗೇ ಕೂರಿಸಿಬಿಡುತ್ತಿದ್ದ. ಖಾಲಿ ಜಾಗ ಕಂಡರೆ ಅಲ್ಲಿ ಏನಿದ್ದಿರಬೇಕು ಎಂದು ಆತನ ಕೈಗೆ ತಾನಾಗಿ ಹೊಳೆಯುತ್ತಿತ್ತು, ಕೈ ತಾನಾಗಿ ತುಂಬುತ್ತಿತ್ತು.

ಒಂದೇ ಒಂದು ಊನ. ಚಿಕ್ಕಂದಿನಲ್ಲಿ ಬಲಗೈ ಹೆಬ್ಬೆರಳು ಬಾಗಿಲಸಂದಿಗೆ ಸಿಕ್ಕಿ ಸೊಟ್ಟಗಾಗಿತ್ತು. ಹಾಗಾಗಿ ಆತ ಮೇಣದ ಮೇಲೆ ಸೂಜಿಯಲ್ಲಿ ಎಳೆದ ಗೆರೆ ಕೊನೆ ಮುಟ್ಟುವಾಗ ಚೂರೇಚೂರು ಎಡಕ್ಕೆ ಹೊರಳಿ ಒಂದು ಕೊಕ್ಕೆಯಾಗುತ್ತಿತ್ತು. ಕಣ್ಣಿಗೆ ಕಾಣದು, ವಸಡಿಗೆ ಚುಚ್ಚದೆ ಬಿಡದು. ಕೋಣೆಯ ಮೂಲೆಯಲ್ಲಿದ್ದ ಮೋಟಾರಿನ ಮುಂದೆ ಹೆಂಡತಿ ಕೂರುತ್ತಿದ್ದಳು. ಬೆರಳ ತುದಿಯಿಂದ ಕೊಕ್ಕೆಗಳನ್ನು ತಡವಿ ಹುಡುಕುವುದು, ಒದ್ದೆ ಪುಡಿ ಹಚ್ಚಿದ ಉಣ್ಣೆಚಕ್ರಕ್ಕೆ ಕೊಟ್ಟು ಉಜ್ಜಿ ತೆಗೆಯುವುದು, ಇದು ಆಕೆಯ ಪಾಲಿನ ಕೆಲಸ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿಯೂ ಇದ್ದಳು.

"ರೀ, ನಿಮ್ಮ ಗೆರೆ ಕೊನೇಲಿ ಕೊಕ್ಕೆಯಾಗುತ್ತೆ."

"ನನ್ನ ಕೆಲಸದಲ್ಲಾ? ಅದು ಅವರ ವಸಡಿನ ತಪ್ಪು."

ಆಮೇಲೆ ಆಕೆ ಹೇಳಲಿಲ್ಲ, ಉಜ್ಜಿದಳು. ಊರಿನ ಎಷ್ಟೋ ಬಾಯಿಗಳು ಸುಖವಾಗಿ ಉಂಡವು. ಹೆಸರು ಮಾತ್ರ ಗಂಡನಿಗೆ ಬಂತು.

ಇನ್ನು ಬೇರೆ ಸಂಘಗಳ ವಿಚಾರ. ಯಾವುದಾದರೂ ಗುಂಪಿಗೆ ಸೇರಿದನೆಂದರೆ ಒಡೆದು ಹೊರಬರದೆ ಆತನಿಗೆ ತಿಂದದ್ದು ಅರಗುತ್ತಿರಲಿಲ್ಲ. ಬೆಳಗ್ಗೆ ನಡೆಯಲು ಹೋಗುವವರ ಗುಂಪು ಉದ್ಯಾನದ ಬಾಗಿಲಲ್ಲಿ ಎಡಕ್ಕೆ ತಿರುಗುತ್ತಿತ್ತು. ಬಲಕ್ಕೆ ತಿರುಗುವುದೇ ಆರೋಗ್ಯ ಎಂದು ಸಾರಿ ಆತ ಬೇರೆ ನಡಿಗೆ ಸಂಘ ಕಟ್ಟಿದ, ಒಬ್ಬನೇ ನಡೆದ. ಸುತ್ತು ಹಾಕುವಾಗ ಎರಡು ಸಂಘಗಳೂ ಎದುರಾಗುತ್ತಿದ್ದವು. ಅಧ್ಯಕ್ಷರಿಬ್ಬರೂ ಮುಖ ತಿರುಗಿಸುತ್ತಿದ್ದರು. ನೀರಿನ ತೊಟ್ಟಿಯ ಮುಚ್ಚಳದ ಜಗಳದಲ್ಲಿ ಬೀದಿಯ ನಿವಾಸಿಗಳ ಸಂಘದಿಂದ ಹೊರಬಂದು ಇನ್ನೊಂದು ಕಟ್ಟಿದ. ಪ್ರತಿ ಸಲವೂ ಮೊದಲ ಕೆಲಸ ರಬ್ಬರ್ ಸ್ಟ್ಯಾಂಪು ಮಾಡಿಸುವುದು. ತಾನು ಖಜಾಂಚಿಯೆಂದು ಹೆಂಡತಿಗೆ ಆ ಸ್ಟ್ಯಾಂಪು ನೋಡಿದ ಮೇಲೇ ತಿಳಿಯುತ್ತಿತ್ತು.

ಇಂಥವನ ಕೈಗೆ ರೋಮಿನ ನಾಣ್ಯಗಳು ಸಿಕ್ಕವು ನೋಡಿ.

ಸಿಕ್ಕಿದ್ದು ಆಕೆಯ ತಮ್ಮನಿಂದ. ತಮ್ಮನಿಗೆ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಭಾನುವಾರ ನಾಣ್ಯ ಸಂಘ ಸೇರುತ್ತಿತ್ತು, ಅಧ್ಯಕ್ಷ ಅವನೇ. ಅವನದು ಮರ್ಯಾದಸ್ಥ ಸಂಗ್ರಹ: ದೀರ್ಘಕಾಲ ಆಳಿದ, ಹಾಸಿಗೆಯ ಮೇಲೆ ಸತ್ತ, ದೊಡ್ಡ ದೊಡ್ಡ ಚಕ್ರವರ್ತಿಗಳು. ಭಾವನಿಗೆ ಅವರು ರುಚಿಸಲಿಲ್ಲ. ಸಾಮ್ರಾಜ್ಯ ಒಡೆದು ಹೋಗಿ, "ಇನ್ನು ಮೇಲೆ ನಾನೇ ಚಕ್ರವರ್ತಿ" ಎಂದು ಗಡಿಯಲ್ಲೆಲ್ಲೋ ಎದ್ದು ನಿಂತು, ಸ್ವಲ್ಪದರಲ್ಲೇ ತಮ್ಮ ಸೈನಿಕರ ಕೈಯಲ್ಲೇ ಸಾಯುತ್ತಿದ್ದ ದಂಡನಾಯಕರು ರುಚಿಸಿದರು. ಅವರು ಅನ್ನ ನೀರು ಕಾಣುವ ಮೊದಲು ತಮ್ಮ ಮುಖದ ನಾಣ್ಯ ಅಚ್ಚು ಹಾಕಿಸುತ್ತಿದ್ದರು ಎಂದು ಓದಿದ ದಿನ ಆತ ಎದ್ದು ನಿಂತು, "ನೋಡೇ, ಸ್ಟ್ಯಾಂಪು ಮೊದಲು! ನಾನು ಹೇಳ್ತಿರಲಿಲ್ವಾ?" ಎಂದಿದ್ದ. ಆತನ ಮೆಚ್ಚಿನ ದೊರೆ ಮಾರಿಯುಸ್. ಮೊದಲು ಕಮ್ಮಾರನಾಗಿದ್ದನಂತೆ. ಮೂರೇ ದಿನ ಆಳಿದ, ತಾನೇ ಬಡಿದು ಮಾಡಿದ ಕತ್ತಿಯ ಏಟಿಗೇ ಸತ್ತ ಎಂದು ಹಳಬರ ಕಥೆ. ಅವನ ಹೆಸರಿನ ನಾಣ್ಯಗಳು ಅಷ್ಟೊಂದು ಸಿಕ್ಕಿರುವುದನ್ನು ನೋಡಿದರೆ ಮೂರು ದಿನದಲ್ಲಿ ಆಗುವ ಕೆಲಸವಲ್ಲ ಎಂದು ಬಲ್ಲವರು ನಗುತ್ತಾರೆ.

"ಭಾವ, ನಿಮ್ಮ ದೊರೆಗಳು ಗಡ್ಡ ಬೋಳಿಸೋಕೆ ಕೂತರೆ ಒಂದು ಕೆನ್ನೆ ಮುಗಿಯೋದರೊಳಗೆ ರಾಜ್ಯ ಹೋಗಿರುತ್ತೆ" ಎಂದ ತಮ್ಮ.

"ಅದಕ್ಕೇ ಕಣಯ್ಯಾ ಎಲ್ಲರೂ ಗಡ್ಡ ಬಿಟ್ಟಿರೋದು. ಬುದ್ಧಿವಂತರು!"

ವ್ಯಾಪಾರಿಯೊಬ್ಬ ಮಣ್ಣು ಮೆತ್ತಿದ ಹಳೇ ನಾಣ್ಯಗಳನ್ನು ತೊಳೆಯದೆ ಪೊಟ್ಟಣ ಕಟ್ಟಿ ಮಾರುತ್ತಿದ್ದ. ಅವನ್ನು ಎಣ್ಣೆಯಲ್ಲಿ ನೆನೆಹಾಕಿ, ಮಣ್ಣು ಮೆತ್ತಗಾದ ಮೇಲೆ ಭೂತಗನ್ನಡಿಯ ಕೆಳಗೆ ಸೂಜಿಯಲ್ಲಿ ಕೆದಕಬೇಕು. ಕಿರಣಗಳ ಕಿರೀಟ ಕಂಡರೆ ಒಂದು ಸಂತೋಷ, ಗಡ್ಡ ಕಂಡರೆ ಇನ್ನೊಂದು, ಸುತ್ತಲಿನ ಅಕ್ಷರ ಕಂಡರೆ ಮೋಕ್ಷ. ಎಣ್ಣೆಯ ಬಟ್ಟಲು ಅಡುಗೆಮನೆಯಲ್ಲೇ ಇರುತ್ತಿತ್ತು. ಒಂದು ದಿನ ಆಕೆ ಗೊತ್ತಿಲ್ಲದೆ ಅದೇ ಎಣ್ಣೆಯಲ್ಲಿ ಈರುಳ್ಳಿ ಹುರಿದಳು. ಊಟಕ್ಕೆ ಬಂದಿದ್ದ ತಮ್ಮನ ತಟ್ಟೆಯಲ್ಲಿ ಈರುಳ್ಳಿಯ ಅಡಿಯಿಂದ ಒಬ್ಬ ಗಡ್ಡದವನು ಎದ್ದ.

"ಅಕ್ಕಾ, ಇವನನ್ನ ತಿನ್ನೋದಾ, ನಮಸ್ಕಾರ ಮಾಡೋದಾ?"

"ಮೊದಲು ಯಾರು ಅಂತ ನೋಡು! ನುಂಗಬೇಡ!" ಎಂದು ಗಂಡ ತಟ್ಟೆಗೇ ಕೈಹಾಕಿದ್ದ.

ಆ ಗಡ್ಡದವನಿಂದಲೇ ಸಂಘ ಒಡೆಯಿತು. ಭಾವ ಅವನನ್ನು ಲೇಲಿಯಾನುಸ್ ಎಂದ. ಬಲು ಕಡಿಮೆ ಕಾಲ ಆಳಿದ, ಬಲು ಅಪರೂಪದವ. ತಮ್ಮ, "ಅಲ್ಲ ಭಾವ, ಇದು ಟೆಟ್ರಿಕುಸ್. ಪೊಟ್ಟಣಕ್ಕೆ ಹಿಡಿಗಟ್ಟಲೆ ಸಿಗೋನು. ಮೂಗು ಸವೆದಿದೆ ಅಷ್ಟೇ" ಎಂದ.

"ನಿನ್ನ ಕನ್ನಡಕ ಬದಲಾಯಿಸು."

"ಕನ್ನಡಕ ಮಾರೋನೇ ನಾನು!"

"ಅದಕ್ಕೇ ಹೇಳ್ತಿರೋದು."

ಮುಂದಿನ ವಾರವೇ ಬಂಡಾಯ ದೊರೆಗಳ ನಾಣ್ಯ ಸಂಘ ಹುಟ್ಟಿತು. ಅಧ್ಯಕ್ಷ ಆತ, ಖಜಾಂಚಿ ಯಾರೆಂದು ನಿಮಗೆ ಗೊತ್ತು. ಸದಸ್ಯನೊಬ್ಬನಿದ್ದ, ಬೀದಿಯ ಕೊನೆಯ ದರ್ಜಿ. ಅವನಿಗೆ ನಾಣ್ಯದ ಗಂಧಗಾಳಿ ಇರಲಿಲ್ಲ. ತಮ್ಮನ ಅಂಗಡಿಯ ಕನ್ನಡಕದಲ್ಲಿ ಸೂಜಿಯ ಕಣ್ಣು ಎರಡಾಗಿ ಕಾಣುತ್ತದೆಂಬ ಸಿಟ್ಟಿತ್ತು, ಬಿಸ್ಕತ್ತಿನ ಮೇಲೆ ಪ್ರೀತಿಯಿತ್ತು. ಹೊಸ ಸ್ಟ್ಯಾಂಪಿನ ನಡುವೆ ಒಂದು ಕಿರೀಟ, ಕೆಳಗೆ "ಒಗ್ಗಟ್ಟು" ಎಂಬ ಮಾತು.

ಆಮೇಲೆ ಆ ನಾಣ್ಯ ಬಂತು.

ಹೊಸ ಪೊಟ್ಟಣದಲ್ಲಿ ಎಲ್ಲಕ್ಕಿಂತ ಹೆಚ್ಚು ಮಣ್ಣು ಹಿಡಿದದ್ದು ಅದು. ಆತ ವಾರಗಟ್ಟಲೆ ಅದರ ಮೇಲೆ ಬಗ್ಗಿ ಕೂತ. ವೈದ್ಯರು ಹಲ್ಲು ಎಲ್ಲಿ ಎಂದು ಹೇಳಿ ಕಳಿಸುತ್ತಿದ್ದರು, ಆತ ಮೇಣ ತೀಡುವ ಸೂಜಿಯಲ್ಲಿ ಮಣ್ಣು ಕೆದಕುತ್ತಿದ್ದ. ಕಿರೀಟ ಬಂತು, ಗಡ್ಡ ಬಂತು. ಹೆಸರಿರಬೇಕಾದ ಜಾಗ ಮಾತ್ರ ಸವೆದು ಬರೀ ಉಬ್ಬು ತಗ್ಗು. ಆತ ಅಲ್ಲಿ ಇನ್ನೂ ಕೆದಕಿದ. ಒಂದು ಮಧ್ಯಾಹ್ನ ಕೋಣೆಯಿಂದ ಕೂಗು ಬಂತು. ಕೈ ಸುಟ್ಟುಕೊಂಡನೋ ಎಂದು ಆಕೆ ಓಡಿದರೆ, ಆತ ಸ್ಟೂಲಿನ ಮೇಲೆ ನಿಂತಿದ್ದ!

"ಡಿ! ಓ! ಎಂ! ಡೊಮಿಟಿಯಾನುಸ್ ಕಣೇ! ಇಡೀ ಲೋಕದಲ್ಲಿ ಈ ಬಂಡಾಯಗಾರನ ನಾಣ್ಯ ಸಿಕ್ಕಿರೋದು ಎರಡೇ. ಮೊದಲನೇದನ್ನ ಎಲ್ಲರೂ ಖೋಟಾ ಅಂದರು. ನೂರು ವರ್ಷ ಆದಮೇಲೆ ಎರಡನೇದು ಸಿಕ್ಕಿ ಎಲ್ಲರ ಬಾಯಿ ಮುಚ್ಚಿಸ್ತು. ಇದು ಮೂರನೇದು!"

"ಮೊದಲು ಕೆಳಗಿಳೀರಿ. ಸ್ಟೂಲಿನ ಒಂದು ಕಾಲು ಅಲ್ಲಾಡ್ತಿದೆ."

ಬೀದಿಗೆಲ್ಲ ಸುದ್ದಿ ಹಬ್ಬಿತು. ಹಬ್ಬಿಸಿದವನು ಆತನೇ. ಫೋಟೊ ತೆಗೆಯಲು ಮಾತ್ರ ಬಿಡಲಿಲ್ಲ, ಬಾಮೈದ ಕದ್ದು ತನ್ನ ಹೆಸರಲ್ಲಿ ಸಾರುತ್ತಾನೆಂಬ ಭಯ. ಬಾಮೈದನೇ ಮನೆಗೆ ಬಂದು, ಜಗಲಿಯ ಮೇಲೆ ನಾಲ್ಕು ಜನ ಕೇಳುವ ಹಾಗೆ ಸವಾಲು ಹಾಕಿದ.

"ಭಾನುವಾರ ಮ್ಯೂಸಿಯಮ್ಮಿನ ಮೇಡಂನ ಇಲ್ಲಿಗೇ ಕರ್ಕೊಂಡು ಬರ್ತೀನಿ ಭಾವ. ಹೌದು ಅಂದರೆ ನನ್ನ ಕುರ್ಚಿ ನಿಮ್ಮದು, ಎರಡು ಸಂಘಾನೂ ಒಂದೇ. ಅಲ್ಲ ಅಂದರೆ ಇಷ್ಟೇ ಜನರ ಮುಂದೆ ನೀವು ತಪ್ಪಾಯ್ತು ಅನ್ನಬೇಕು."

"ನನ್ನ ಬಾಯಲ್ಲಿ ಆ ಮಾತು ಬಂದಿದ್ದು ಯಾರಾದರೂ ಕೇಳಿದ್ದೀರಾ?" ಎಂದು ಆತ ಜಗಲಿಯವರನ್ನು ಕೇಳಿದ. ಯಾರೂ ಕೇಳಿರಲಿಲ್ಲ. ಹೆಂಡತಿಯಂತೂ ಕೇಳಿರಲೇ ಇಲ್ಲ.

ಶನಿವಾರ ಆತ ಕೂದಲು ಕತ್ತರಿಸಿಕೊಳ್ಳಲು ಹೋದ. ಆಕೆ ಮೇಜು ಒರೆಸುತ್ತಿದ್ದವಳು, ಇಷ್ಟು ದಿನ ತನ್ನ ಗಂಡನನ್ನು ಕಟ್ಟಿಹಾಕಿದ ಈ ಪುಣ್ಯಾತ್ಮ ಯಾರೋ ನೋಡೋಣ ಎಂದು ಡಬ್ಬಿ ತೆರೆದು ನಾಣ್ಯವನ್ನು ಬೆರಳಿಗೆ ತೆಗೆದುಕೊಂಡಳು. ಕನ್ನಡಕ ಅಡುಗೆಮನೆಯಲ್ಲಿತ್ತು. ಅಭ್ಯಾಸಬಲ, ಬೆರಳ ತುದಿ ತಾನಾಗಿ ಅಂಚಿನ ಮೇಲೆ ಓಡಿತು. ಡಿ. ಬುಡದಲ್ಲಿ ಎಡಕ್ಕೆ ಒಂದು ಕೊಕ್ಕೆ. ಎಂ. ಮತ್ತೆ ಕೊಕ್ಕೆ. ಆ ಕೊಕ್ಕೆಯ ಜೊತೆಗೇ ಅಲ್ಲವೇ ಆಕೆ ಇಷ್ಟು ವರ್ಷ ಸಂಸಾರ ಮಾಡಿದ್ದು! ಕಿರೀಟದ ಮೇಲೆ ಕೊಕ್ಕೆಯಿಲ್ಲ, ಗಡ್ಡದಲ್ಲಿಲ್ಲ. ಅವನ್ನು ಮಾಡಿದವನು ಯಾರೋ ರೋಮಿನ ಕೆಲಸಗಾರ. ಹೆಸರು ಮಾಡಿದವನು ಸಲೂನಿನಲ್ಲಿ ಕೂತಿದ್ದ.

ಮೋಸವಲ್ಲ ಎಂದು ಆಕೆಗೆ ಗೊತ್ತಿತ್ತು. ಮೋಸ ಮಾಡುವಷ್ಟು ಬುದ್ಧಿ ಇದ್ದಿದ್ದರೆ ಆತ ಯಾವುದಾದರೂ ಒಂದು ಸಂಘದಲ್ಲಿ ನಿಲ್ಲುತ್ತಿದ್ದ. ಬೊಚ್ಚುಬಾಯಿ ಕಂಡ ಕೈ, ಅಲ್ಲಿ ಇರಬೇಕು ಎಂದು ಅನ್ನಿಸಿದ್ದನ್ನು ಕೂರಿಸಿತ್ತು, ಅಷ್ಟೇ. ಆದರೆ ಬೀದಿಗೆ ಇದನ್ನು ಹೇಳಿ ನಂಬಿಸುವವರು ಯಾರು? ಮ್ಯೂಸಿಯಮ್ಮಿನವರ ಕಣ್ಣಿಗೆ ಹೊಸ ಗೀರು ಬೀಳದೆ ಇರುವುದಿಲ್ಲ. ಸುಳ್ಳು ಹಲ್ಲಿನವನು ಸುಳ್ಳು ನಾಣ್ಯ ಮಾಡಿದ ಎಂದು ಜನ ಸಾಯುವ ತನಕ ಆಡಿಕೊಳ್ಳುತ್ತಾರೆ. ಈ ಮನುಷ್ಯನನ್ನು ನೋಡಿ ನಗುವ ಹಕ್ಕು ಆಕೆಯದು, ಕಷ್ಟಪಟ್ಟು ಸಂಪಾದಿಸಿದ್ದು. ಅದನ್ನು ತರಕಾರಿಯವನ ಜೊತೆ ಹಂಚಿಕೊಳ್ಳಲು ಆಕೆ ತಯಾರಿರಲಿಲ್ಲ.

ಆತ ಬಂದ ಮೇಲೆ ಒಂದು ಪ್ರಯತ್ನ ಮಾಡಿದಳು.

"ರೀ, ಈ ಅಕ್ಷರದ ಬುಡಾನ ಒಂದ್ಸಲ ಬೆರಳಲ್ಲಿ ಮುಟ್ಟಿ ನೋಡಿ."

"ಮುಟ್ಟೋದಾ! ನಾಣ್ಯಾನ ಅಂಚು ಹಿಡಿದು ನೋಡಬೇಕು, ಮುಖ ಮುಟ್ಟಬಾರದು. ಇಷ್ಟು ವರ್ಷ ನನ್ನ ಜೊತೆ ಇದ್ದು ಇದೂ ಗೊತ್ತಿಲ್ವಲ್ಲೇ ನಿನಗೆ!"

"ನಾನು ಹೇಳೋದನ್ನ ಸ್ವಲ್ಪ ಕಿವಿ ಮೇಲೆ ಹಾಕ್ಕೊಳ್ಳಿ..."

"ನಾಳೆ ನಿನ್ನ ತಮ್ಮನ ಮುಖ ಸಪ್ಪೆಯಾಗುತ್ತೆ ಅಂತ ನಿನಗೆ ಸಂಕಟ. ಅದು ನನಗೆ ಅರ್ಥ ಆಗುತ್ತೆ" ಎಂದು ಆತ ಉದಾರವಾಗಿ ಆಕೆಯ ಬೆನ್ನು ತಟ್ಟಿದ.

ಆ ಬೆನ್ನು ತಟ್ಟಿದ್ದೇ ತಟ್ಟಿದ್ದು, ಆಕೆಯ ಮನಸ್ಸು ಗಟ್ಟಿಯಾಯಿತು.

ಭಾನುವಾರ ಬೆಳಗ್ಗೆ ಆತ ಸ್ನಾನಕ್ಕೆ ಇಳಿದ. ಆಕೆ ಬಾಗಿಲ ಬಳಿ ನಿಂತು ನೀರಿನ ಸದ್ದು ಕೇಳಿಸಿಕೊಂಡು, ಮೋಟಾರು ಹಾಕಿದಳು. ಕೊಕ್ಕೆಗಳಷ್ಟನ್ನೇ ತೆಗೆಯಬೇಕೆಂದು ಮೊದಲು ಇದ್ದದ್ದು. ಆದರೆ ಕೊಕ್ಕೆ ಹೋದರೆ ಅಕ್ಷರ ಉಳಿಯುತ್ತದೆ, ಅಕ್ಷರ ಉಳಿದರೆ ಹೊಸ ಗೀರು ಉಳಿಯುತ್ತದೆ. ಚಕ್ರಕ್ಕೆ ಒತ್ತಿ ಹಿಡಿದಳು. ಡೊಮಿಟಿಯಾನುಸ್ ಹೋದ. ಹೆಸರೊಂದೇ ಹೋದರೆ ಅನುಮಾನ ಬರುತ್ತದೆಂದು ಗಡ್ಡವನ್ನೂ ಕೊಟ್ಟಳು, ಕಿರೀಟವನ್ನೂ ಕೊಟ್ಟಳು. "ಕ್ಷಮಿಸಪ್ಪಾ" ಎಂದು ಆ ಹೆಸರಿನ ಅಡಿಯಲ್ಲಿದ್ದ ನಿಜವಾದ ದೊರೆಗೆ, ಪೊಟ್ಟಣಕ್ಕೆ ಹಿಡಿಗಟ್ಟಲೆ ಸಿಗುವ ಯಾವನೋ ಟೆಟ್ರಿಕುಸ್‌ಗೆ, ಮಾತ್ರ ಒಂದು ಮಾತು ಹೇಳಿದಳು. ಅವನದೇನೂ ತಪ್ಪಿರಲಿಲ್ಲ ಪಾಪ. ಆತ ತಲೆ ಒರೆಸಿಕೊಳ್ಳುತ್ತ ಬರುವ ಹೊತ್ತಿಗೆ ಅಂಗೈ ಮೇಲೆ ಹೊಸ ಗುಂಡಿಯಂತೆ ಒಂದು ಬಿಲ್ಲೆ ಥಳಥಳ ಹೊಳೆಯುತ್ತಿತ್ತು.

"ಅತಿಥಿಗಳು ಬರ್ತಾರಲ್ಲ ಅಂತ ಸ್ವಲ್ಪ ಹೊಳಪು ಕೊಟ್ಟೆ" ಎಂದಳು, ಮುಖ ಆದಷ್ಟು ಪೆದ್ದಾಗಿ ಮಾಡಿಕೊಂಡು.

ಹಳೇ ನಾಣ್ಯದವರ ಲೋಕದಲ್ಲಿ ಕೊಲೆಗಾದರೂ ಕ್ಷಮೆಯುಂಟು, ಹೊಳಪು ಕೊಟ್ಟವರಿಗೆ ಇಲ್ಲ. ಗೋಡೆ ತೂರಿದ ಮಾತುಗಳು ಆಗಲೇ ಹೊರಟದ್ದು. ದಡ್ಡಿ ಎಂದ, ಹಾಳುಕೈ ಎಂದ, ತಮ್ಮನ ಗೂಢಚಾರಿ ಎಂದ. ನಿನ್ನ ಮನೆತನಕ್ಕೇ ಚರಿತ್ರೆ ಗೊತ್ತಿಲ್ಲ ಎಂದ. ಆಮೇಲೆ ಬಿಲ್ಲೆಯನ್ನು ಕಿಟಕಿಯ ಬಳಿ ಒಯ್ದು, ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತ ನಿಂತ. ಬಹಳ ಹೊತ್ತು ನಿಂತ. ಎಲ್ಲೋ ಅಂಚಿನಲ್ಲಿ ಏನಾದರೂ ಉಳಿದಿತ್ತೋ ಏನೋ, ಹೆಬ್ಬೆರಳಿನಿಂದ ಒಮ್ಮೆ ಸವರಿದ. ಮುಖ ಮುಟ್ಟಬಾರದೆಂದು ಹೇಳಿದವನೇ ಸವರಿದ. ಬೈಗುಳ ಅಲ್ಲಿಗೆ ನಿಂತಿತು. ಆಕೆ ಮೋಟಾರಿನ ಪುಡಿ ಗುಡಿಸುತ್ತಿದ್ದಳು, ತಿರುಗಿ ನೋಡಲಿಲ್ಲ.

ಮೇಡಂ ಬಂದರು, ಹಿಂದೆ ತಮ್ಮ, ಅವನ ಹಿಂದೆ ಅರ್ಧ ಬೀದಿ. ಮೇಡಂ ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ, ಮೋಟಾರನ್ನೊಮ್ಮೆ, ಮೇಣದ ಸೂಜಿಗಳನ್ನೊಮ್ಮೆ ನೋಡಿ, ಕೊನೆಗೆ ಉಜ್ಜಮ್ಮನ ಪೆದ್ದು ಮುಖವನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದರು.

"ಇಲ್ಲಿ ಏನಿತ್ತು ಅಂತ ಈಗ ಯಾರೂ ಹೇಳಲಾಗಲ್ಲ. ಇರಲೇ ಇಲ್ಲ ಅಂತಾನೂ ಹೇಳಲಾರೆ" ಎಂದು ಹೇಳಿ ಚಹಾ ಕುಡಿದು ಹೋದರು.

"ಕೇಳಿದ್ರಾ! ಮ್ಯೂಸಿಯಮ್ಮೇ ಇಲ್ಲ ಅನ್ನಲಿಲ್ಲ!" ಎಂದು ದರ್ಜಿ ಬಿಸ್ಕತ್ತು ಎತ್ತಿ ಹಿಡಿದ.

ತಮ್ಮನ ಕಣ್ಣಲ್ಲಿ ನೀರು. ಅಕ್ಕನ ದಡ್ಡತನಕ್ಕೆ ತಾನೇ ಹೊಣೆ ಎನ್ನುವ ಹಾಗೆ ಭಾವನ ಕೈ ಹಿಡಿದು, "ಕುರ್ಚಿ ನಿಮ್ಮದೇ ಭಾವ" ಎಂದ. ಭಾವ ಕುರ್ಚಿ ತೆಗೆದುಕೊಂಡ. ಎರಡೂ ಸಂಘ ಒಂದಾದವು. ವರ್ಷ ತುಂಬುವ ಮೊದಲು, ಚಹಾಕ್ಕೆ ಮೊದಲು ಭಾಷಣವೋ ಭಾಷಣಕ್ಕೆ ಮೊದಲು ಚಹಾವೋ ಎಂಬ ಮಾತಿಗೆ, ತಾನೇ ಅಧ್ಯಕ್ಷನಾಗಿದ್ದ ಸಂಘದಿಂದ ಆತ ಒಡೆದು ಹೊರಬಂದ. ಸ್ಟ್ಯಾಂಪು ಹಳೆಯದೇ ಸಾಕಾಯಿತು.

ಆಮೇಲೆ ಆ ನಾಣ್ಯ ಬೆಳೆಯಿತು. ಮೊದಮೊದಲು ಆತ ಮೂರು ಅಕ್ಷರ ಓದಿದ್ದೆ ಎನ್ನುತ್ತಿದ್ದ. ಸ್ವಲ್ಪ ಕಾಲಕ್ಕೆ ಇಡೀ ಹೆಸರು. ಇನ್ನೂ ಸ್ವಲ್ಪ ಕಾಲಕ್ಕೆ ಚಕ್ರವರ್ತಿಯ ಮುಖದಲ್ಲಿ ಒಂದು ವಿಷಾದ. ಪ್ರತಿ ಸಲವೂ ಕೊನೆಗೆ ಎಲ್ಲರ ಎದುರು ಹೆಂಡತಿಯನ್ನು ಕ್ಷಮಿಸುತ್ತಿದ್ದ. ಆಕೆ ಚಹಾದ ತಟ್ಟೆ ಹಿಡಿದು ನಿಂತು ಕ್ಷಮೆ ಪಡೆದುಕೊಳ್ಳುತ್ತಿದ್ದಳು. ಒಂದು ಸಂಗತಿ ಮಾತ್ರ ಆಕೆಯ ಕಣ್ಣಿಗೆ ಬಿದ್ದಿತ್ತು: ಆ ಭಾನುವಾರದ ನಂತರ ಆತ ಮಣ್ಣಿನ ನಾಣ್ಯಕ್ಕೆ ಸೂಜಿ ಹಾಕಲಿಲ್ಲ. ಯಾರೋ ತೊಳೆದದ್ದನ್ನೇ ತರುತ್ತಿದ್ದ. ಕೇಳಿದರೆ, "ಕಣ್ಣು ಸಾಲದು" ಎನ್ನುತ್ತಿದ್ದ. ಕಣ್ಣು ಸಾಲದವನು ಹಲ್ಲು ಮಾತ್ರ ಕೂರಿಸುತ್ತಲೇ ಇದ್ದ.

ವಯಸ್ಸಾಯಿತು, ಆತನ ಹಲ್ಲೂ ಉದುರಿದವು. ತನ್ನ ಸೆಟ್ಟನ್ನು ತಾನೇ ಮಾಡಿಕೊಂಡ. ಇನ್ನೊಬ್ಬರ ಕೆಲಸದ ಮೇಲೆ ನಂಬಿಕೆ ಎಲ್ಲಿ! ಆಮೇಲೆ ಎದೆಯ ತೊಂದರೆ ಬಂತು. ಆಸ್ಪತ್ರೆಯವರು ಇವತ್ತೇ ಸೇರಿಸಿ ಎಂದರು. ತಮ್ಮ ಕಾರು ತಂದು ಬಾಗಿಲಲ್ಲಿ ನಿಲ್ಲಿಸಿದ. ಆಕೆ ಚೀಲದಲ್ಲಿ ಟವೆಲು, ಸೋಪು, ಎರಡು ಅಂಗಿ ತುಂಬಿದಳು. ಆತ ಮುಂದಿನ ಕೋಣೆಯಲ್ಲಿ ತನ್ನ ಹಳೇ ಸ್ಟೂಲಿನ ಮೇಲೆ ಕೂತು ಬಾಯಿಂದ ಸೆಟ್ಟು ತೆಗೆದು ಆಕೆಯ ಕಡೆ ಚಾಚಿದ.

"ಎಡಗಡೆ ಚುಚ್ಚುತ್ತೆ ಕಣೇ."

ಆಕೆ ಬೆರಳಾಡಿಸಿದಳು. ಇತ್ತು.

"ನಿಮ್ಮ ವಸಡಿನ ತಪ್ಪಿರಬೇಕು" ಎಂದಳು.

ಆತ ಬೊಚ್ಚುಬಾಯಲ್ಲಿ ನಕ್ಕ. "ಉಜ್ಜಿಕೊಡು. ಆ ಭಾನುವಾರ ಉಜ್ಜಿದೆಯಲ್ಲ, ಹಾಗೆ. ಆದರೆ ಪೂರ್ತಿ ಉಜ್ಜಬೇಡ, ಅಲ್ಲಿ ಊಟ ಕೊಡ್ತಾರಂತೆ."

ಆಕೆ ಮೋಟಾರು ಹಾಕಿದಳು. ಆ ಸದ್ದಿನಲ್ಲಿ ಇಬ್ಬರಿಗೂ ಮಾತಾಡುವ ತೊಂದರೆ ತಪ್ಪಿತು. ಸೆಟ್ಟನ್ನು ತೊಳೆದು ಕೊಟ್ಟಳು. ಆತ ಹಾಕಿಕೊಂಡು, ಹಲ್ಲು ಕಚ್ಚಿ ನೋಡಿ, ತಲೆಯಾಡಿಸಿದ. ಹೇಳಬೇಕಾದ ಮಾತೊಂದು ಇನ್ನೇನು ಬಂತು ಎನ್ನುವಾಗ ಹೊರಗೆ ಕಾರಿನ ಹಾರನ್ ಕೂಗಿತು. ಆತ ಎದ್ದ.

ಜಗಲಿಯಲ್ಲಿ ಎದುರು ಮನೆಯಾಕೆ, ಪಕ್ಕದ ಮನೆಯಾಕೆ, ದರ್ಜಿ ಎಲ್ಲ ನಿಂತಿದ್ದರು. "ಧೈರ್ಯವಾಗಿರಿ" ಎಂದರು.

"ನನಗೇನಮ್ಮಾ ಧೈರ್ಯ ಹೇಳ್ತೀರಾ?" ಎಂದ ಆತ, ಹೊಸಿಲು ದಾಟಿ, ಗೋಡೆ ಹಿಡಿದು ನಿಂತು. "ಮನೆಯೊಳಗೇ ಚಕ್ರವರ್ತೀನ ಕಳಕೊಂಡು ತಡಕೊಂಡವನು ನಾನು. ಮೂರನೇ ನಾಣ್ಯ! ಇವಳು ಒಂದು ಬೆಳಗ್ಗೆ..."

"ಭಾವ, ಕಾರು ಹತ್ತಿ" ಎಂದ ತಮ್ಮ.

"ಹತ್ತುತೀನಿ ಇರಯ್ಯಾ. ಅವನ ಬಲಗಣ್ಣು ಸ್ವಲ್ಪ ಮೆಳ್ಳೆ, ಅದನ್ನ ನಾನು ಯಾರಿಗೂ ಹೇಳಿರಲಿಲ್ಲ..."

ಆಕೆ ಚೀಲವನ್ನು ಹಿಂದಿನ ಸೀಟಿಗೆ ಇಟ್ಟು ಪಕ್ಕದಲ್ಲಿ ಕೂರಲು ಬಗ್ಗಿದಳು. ಪಕ್ಕದ ಮನೆಯಾಕೆ ಆಕೆಯ ತೋಳು ಹಿಡಿದು, "ಪಾಪ, ಈಗಲೂ ನಿನ್ನ ಮೇಲೆ ಒಂದು ಗಟ್ಟಿ ಮಾತಿಲ್ಲ ನೋಡು" ಎಂದಳು. ಮುಂದಿನ ಸೀಟಿನಲ್ಲಿ ಆತ ಬಾಮೈದನಿಗೆ ಮೆಳ್ಳೆಗಣ್ಣಿನ ವಿಷಯವನ್ನು ಮೊದಲಿನಿಂದ ಹೇಳಲು ಶುರುಮಾಡಿಯಾಗಿತ್ತು. ಕಾರು ಬೀದಿಯ ಕೊನೆಯಲ್ಲಿ ಎಡಕ್ಕೆ ತಿರುಗುವಾಗ, ಬಲಕ್ಕೆ ಹೋದರೆ ಹತ್ತಿರ ಎಂದು ಅದನ್ನು ಅರ್ಧಕ್ಕೆ ನಿಲ್ಲಿಸಿ ಜಗಳ ತೆಗೆದ.